ಮುದ್ರೆಗೆ ನಲವತ್ತೈದು ರೂಪಾಯಿ, ಉಳಿದದ್ದು ಯಾತಕ್ಕೆ?

ಹೋದ ಲಗ್ನದ ಸೀಸನ್ನಿನಲ್ಲಿ ಖಾನಾಪುರದ ನಮ್ಮ ಚಿಗವ್ವ ಮಗಳಿಗೆ ಪಾಟ್ಲಿ ಮಾಡಿಸಲು ಬೆಳಗಾವಿಗೆ ಬಂದಿದ್ದಳು. ಬ್ಯಾಂಕಿನಲ್ಲಿ ಕಬ್ಬಿನ ಬಿಲ್ಲು ಜಮೆಯಾಗಿತ್ತು. ಚೀಲದ ತಳದಲ್ಲಿ ಅವಳ ಅತ್ತೆ ಕೊಟ್ಟಿದ್ದ ಹಳೆಯ ಬೋರಮಾಳ ಇತ್ತು. ಮಾಳ ಕರಗಿಸಿ, ಮೇಲೆ ಒಂದಿಷ್ಟು ರೊಕ್ಕ ಹಾಕಿ ಜೋಡು ಪಾಟ್ಲಿ ತಗೊಂಡಾಯಿತು. ಬಿಲ್ಲು ಕೈಗೆ ಬಂದಾಗ ಕೊನೆಯ ಸಾಲಿನ ಮೇಲೆ ಅವಳ ಬೆರಳು ನಿಂತಿತು: ಹಾಲ್‌ಮಾರ್ಕ್ ಚಾರ್ಜ್, 1,200 ರೂಪಾಯಿ.

"ಮುದ್ರಿ ಹೊಡ್ಯಾಕ ಇಷ್ಟ ರೊಕ್ಕಾ ಯಾಕ ಬೇಕರಿ?" ಅಂದಳು.

"ಅದು ಗೌರ್ಮೆಂಟ್ ಚಾರ್ಜ್ ಅಕ್ಕಾರ, ನಮ್ಮ ಕೈಯಾಗ ಇಲ್ಲ" ಅಂದರು ಕೌಂಟರಿನವರು.

ಲಕ್ಷಗಳ ವ್ಯವಹಾರದಲ್ಲಿ ಸಾವಿರದ ಲೆಕ್ಕ ಕೇಳಲು ಜನ ನಾಚುತ್ತಾರೆ. ಬಂಗಾರದಂಗಡಿಯಲ್ಲಿ ಈ ನಾಚಿಕೆಯೇ ನಮಗೆ ಹೆಚ್ಚು ನಷ್ಟ ತರುತ್ತದೆ. ಒಡವೆಯ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತಲು ಎಷ್ಟು ಖರ್ಚು, ಅದನ್ನು ಯಾರು ನಿಗದಿ ಮಾಡಿದ್ದಾರೆ, ಆ ಹೆಸರಿನ ಅಡಿಯಲ್ಲಿ ಇನ್ನೇನೇನು ಸೇರಿಕೊಳ್ಳುತ್ತದೆ ಎಂಬುದು ಪ್ರತಿ ಮನೆಯವರಿಗೂ ಗೊತ್ತಿರಬೇಕು. ಅದಕ್ಕಾಗಿ ಈ ಲೇಖನ.

ಮುದ್ರೆ ಬೀಳುವ ಮುಂಚೆ

ನಮ್ಮ ಹಿರಿಯರು ಬಂಗಾರವನ್ನು ಒರೆಗೆ ಹಚ್ಚುತ್ತಿದ್ದರು. ಕರಿಯ ಒರೆಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಮೂಡಿದ ಗೆರೆಗೆ ಆಮ್ಲ ತಾಗಿಸಿ, ಬಣ್ಣ ನೋಡಿ ಪತ್ತಾರರು ಇಷ್ಟು ಚೊಕ್ಕ ಎಂದು ಹೇಳುತ್ತಿದ್ದರು. ಅದು ಕಣ್ಣಿನ ಅನುಭವ, ಬಾಯಿಮಾತಿನ ಭರವಸೆ. ಹಾಲ್‌ಮಾರ್ಕ್ ಎಂದರೆ ಅದೇ ಭರವಸೆಯನ್ನು ಮಾರುವವನ ಕೈಯಿಂದ ತೆಗೆದು ಮೂರನೆಯವರ ಕೈಗೆ ಕೊಡುವುದು. ಲಂಡನ್ನಿನ ಅಕ್ಕಸಾಲಿಗರ ಸಂಘದ ಸಭಾಭವನದಲ್ಲಿ ಒಡವೆಗಳನ್ನು ಪರೀಕ್ಷಿಸಿ ಗುರುತು ಒತ್ತುತ್ತಿದ್ದರಿಂದ ಈ ಹೆಸರು ಬಂತು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, 2000ದಲ್ಲಿ ಬಂಗಾರಕ್ಕೆ ಇದನ್ನು ಐಚ್ಛಿಕವಾಗಿ ಆರಂಭಿಸಿತು. 2021ರ ಜೂನ್‌ನಲ್ಲಿ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಆಮೇಲೆ ಹಂತ ಹಂತವಾಗಿ ಮತ್ತಷ್ಟು ಜಿಲ್ಲೆಗಳಿಗೆ ಹಬ್ಬಿತು.

ಕೆಲಸ ನಡೆಯುವುದು ಹೀಗೆ. ಬಿಐಎಸ್ ನೋಂದಣಿ ಇರುವ ಅಂಗಡಿಯವರು ತಾವು ಮಾಡಿಸಿದ ಒಡವೆಗಳನ್ನು ಒಟ್ಟಾಗಿ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಮೊದಲು ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಎಕ್ಸ್ ಕಿರಣ ಹಾಯಿಸಿ ಒಡವೆಯ ಮೈಯಲ್ಲಿ ಯಾವ ಲೋಹ ಎಷ್ಟಿದೆ ಎಂದು ನೋಡುತ್ತಾರೆ. ಇದರಲ್ಲಿ ಒಡವೆಗೆ ಗಾಯವಾಗುವುದಿಲ್ಲ. ನಂತರ ಆ ಕಂತಿನಿಂದ ಮಾದರಿ ಆಯ್ದು, ಚೂರು ತೆಗೆದು, ಬೆಂಕಿಯ ಪರೀಕ್ಷೆಗೆ ಒಡ್ಡುತ್ತಾರೆ. ಚೂರನ್ನು ನಿಖರವಾಗಿ ತೂಗಿ, ಒಂದಿಷ್ಟು ಬೆಳ್ಳಿಯ ಜೊತೆ ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಯ ಪುಟ್ಟ ಮೂಸೆಯಲ್ಲಿ ಕಾಯಿಸುತ್ತಾರೆ. ಸೀಸವು ತಾಮ್ರದಂಥ ಲೋಹಗಳನ್ನು ತನ್ನೊಡನೆ ಎಳೆದುಕೊಂಡು ಮೂಸೆಯೊಳಗೆ ಇಂಗುತ್ತದೆ. ಉಳಿದ ಗುಂಡಿನಲ್ಲಿ ಬಂಗಾರ, ಬೆಳ್ಳಿ ಎರಡೇ ಇರುತ್ತವೆ. ಅದನ್ನು ತಟ್ಟಿ ತೆಳುವಾಗಿಸಿ ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗಿ ಹೋಗುತ್ತದೆ. ಕೊನೆಗೆ ಉಳಿಯುವುದು ಅಪ್ಪಟ ಬಂಗಾರ. ಅದನ್ನು ಮತ್ತೆ ತೂಗಿದರೆ ಸಾವಿರದಲ್ಲಿ ಎಷ್ಟು ಪಾಲು ಚೊಕ್ಕ ಎಂಬ ಲೆಕ್ಕ ಸಿಗುತ್ತದೆ.

ಸರಿ ಬಂದ ಒಡವೆಯ ಮೇಲೆ ಲೇಸರ್‌ನಿಂದ ಮೂರು ಗುರುತು ಬೀಳುತ್ತವೆ: ಬಿಐಎಸ್ ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಅಂಕಿ, ಮತ್ತು ಅಕ್ಷರ-ಅಂಕಿಗಳು ಬೆರೆತ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ. 916 ಎಂದರೆ ಸಾವಿರಕ್ಕೆ 916 ಪಾಲು ಬಂಗಾರ. 18 ಕ್ಯಾರೆಟ್‌ಗೆ 750, 14ಕ್ಕೆ 585. ಎಚ್‌ಯುಐಡಿ ಪ್ರತಿ ಒಡವೆಗೂ ಬೇರೆ. 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಅದಕ್ಕೂ ಮುಂಚೆ ಕೊಂಡ, ಹಳೆಯ ಮಾದರಿಯ ಹಾಲ್‌ಮಾರ್ಕ್ ಇರುವ ಒಡವೆ ನಿಮ್ಮ ಮನೆಯಲ್ಲಿದ್ದರೆ ಆ ಮುದ್ರೆಯೂ ಊರ್ಜಿತವೇ. ಹೊಸದು ಒತ್ತಿಸಲೇಬೇಕು ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಶುಲ್ಕ ವಸ್ತುವಿಗೆ, ತೂಕಕ್ಕಲ್ಲ

ಬಂಗಾರದ ಒಡವೆಗೆ ಹಾಲ್‌ಮಾರ್ಕ್ ಶುಲ್ಕ ಮೊದಲು ವಸ್ತುವಿಗೆ 35 ರೂಪಾಯಿ ಇತ್ತು. 2022ರಲ್ಲಿ 45 ರೂಪಾಯಿ ಆಯಿತು. ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 53 ರೂಪಾಯಿ 10 ಪೈಸೆ. ಮೂರು ಗ್ರಾಮಿನ ಉಂಗುರಕ್ಕೂ ಇಷ್ಟೇ, ನೂರು ಗ್ರಾಮಿನ ಸರಕ್ಕೂ ಇಷ್ಟೇ. ಬಂಗಾರದ ದರ ಏರಿದರೂ ಈ ಶುಲ್ಕ ತಾನಾಗಿ ಏರುವುದಿಲ್ಲ. 2025ರಲ್ಲಿ ಹತ್ತು ಗ್ರಾಂ ಬಂಗಾರ ಲಕ್ಷ ರೂಪಾಯಿ ದಾಟಿದಾಗಲೂ ಮುದ್ರೆಯ ಬೆಲೆ ಕದಲಲಿಲ್ಲ. ಹಾಗಾಗಿ ಬಿಲ್ಲಿನಲ್ಲಿ ಹಾಲ್‌ಮಾರ್ಕ್ ಹೆಸರಿನ ಮೊತ್ತವನ್ನು ಗ್ರಾಮಿಗೆ ಇಷ್ಟು ಎಂದೋ ಶೇಕಡಾ ಇಷ್ಟು ಎಂದೋ ಹಾಕಿದ್ದರೆ, ಆ ಮೊತ್ತ ಬೇರೆ ಯಾವುದಕ್ಕೋ ಸಂಬಂಧಿಸಿದ್ದು.

ಎಲ್ಲ ಒಡವೆಗೂ ಒಂದೇ ಶುಲ್ಕ ಎಂಬುದರ ಮಹತ್ವ ತಿಳಿಯಬೇಕಾದರೆ ಎದುರುಬದಿಯ ಪದ್ಧತಿಯನ್ನೂ ನೋಡಬೇಕು. ಅಮೆರಿಕದಲ್ಲಿ ಬೇಸ್‌ಬಾಲ್, ಪೋಕೆಮಾನ್ ಕಾರ್ಡುಗಳನ್ನು ಸಂಗ್ರಹಿಸುವವರು ಅವನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ದರ್ಜೆ ಕೊಡುವ ಸಂಸ್ಥೆಗಳಿಗೆ ಕಳಿಸುತ್ತಾರೆ. 1991ರಲ್ಲಿ ಶುರುವಾದ ಪಿಎಸ್‌ಎ ಅವುಗಳಲ್ಲಿ ಹೆಸರುವಾಸಿ. ಅಲ್ಲಿ ಶುಲ್ಕ ಕಾರ್ಡಿನ ಬೆಲೆಗೆ ಅಂಟಿಕೊಂಡಿದೆ. ಕಡಿಮೆ ಬೆಲೆಯ ಕಾರ್ಡೆಂದು ಕಳಿಸಿ, ಅದಕ್ಕೆ ಹತ್ತರ ದರ್ಜೆ ಸಿಕ್ಕು ಬೆಲೆ ಏರಿತೆಂದರೆ ಮೇಲಿನ ಹಂತದ ಶುಲ್ಕವನ್ನು ಆಮೇಲೆ ವಸೂಲು ಮಾಡುತ್ತಾರೆ. ಸಾಗಾಟ, ವಿಮೆ ಬೇರೆ. ಒಳ್ಳೆಯ ಫಲಿತಾಂಶ ಬಂದಷ್ಟೂ ಖರ್ಚು ಜಾಸ್ತಿ. ನಮ್ಮ ಹಾಲ್‌ಮಾರ್ಕ್ ಪದ್ಧತಿಯಲ್ಲಿ ಪರೀಕ್ಷಕನಿಗೆ ಒಡವೆಯ ಬೆಲೆಯಲ್ಲಿ ಪಾಲಿಲ್ಲ. ಬಡವರ ಗುಂಡಿಗೂ ಸಿರಿವಂತರ ಸರಕ್ಕೂ ಒಂದೇ ದರ ಇರುವುದು ದೊಡ್ಡ ನ್ಯಾಯ. ಅದನ್ನು ನಾವು ಉಳಿಸಿಕೊಳ್ಳಬೇಕು.

ಹಾಗಿದ್ದರೂ 53 ರೂಪಾಯಿಗಿಂತ ಹೆಚ್ಚಾಗಲು ಒಂದು ನ್ಯಾಯವಾದ ಕಾರಣವಿದೆ. ಕೇಂದ್ರಕ್ಕೆ ಕಳಿಸುವ ಒಂದು ಕಂತಿಗೆ ಕನಿಷ್ಠ ಶುಲ್ಕ 200 ರೂಪಾಯಿ. ಐದು ಒಡವೆ ಕಳಿಸಿದರೆ ತಲಾ 45ರಂತೆ 225 ಆಗುತ್ತದೆ. ಆದರೆ ಒಂದೇ ಒಡವೆ ಕಳಿಸಿದರೂ 200 ಕೊಡಬೇಕು, ತೆರಿಗೆ ಸೇರಿ 236. ದೊಡ್ಡ ಮಳಿಗೆಗಳು ನೂರಾರು ಒಡವೆ ಒಮ್ಮೆಲೇ ಕಳಿಸುವುದರಿಂದ ಅವರಿಗೆ ಇದು ತಾಗುವುದಿಲ್ಲ. ಸಣ್ಣ ಅಂಗಡಿಯಲ್ಲಿ ನೀವು ಹೇಳಿ ಮಾಡಿಸಿದ ಒಂದೇ ಉಂಗುರವನ್ನು ಅವಸರದಲ್ಲಿ ಕಳಿಸಬೇಕಾಗಿ ಬಂದರೆ ತಾಗುತ್ತದೆ. ಉಪಾಯ ಸರಳ. ಆರ್ಡರ್ ಕೊಡುವಾಗಲೇ ಕೇಳಿ. ಲಗ್ನಕ್ಕೆ ದಿನವಿದ್ದರೆ, ಅಂಗಡಿಯ ಬೇರೆ ಒಡವೆಗಳ ಜೊತೆಗೇ ಕಳಿಸಿ ಎನ್ನಿ.

ಬಿಲ್ಲಿನ ಒಂದೊಂದು ಸಾಲು

ಬಿಐಎಸ್ ನಿಯಮದ ಪ್ರಕಾರ ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಪ್ರತಿ ವಸ್ತುವಿನ ವಿವರ, ಬಂಗಾರದ ನಿವ್ವಳ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಇವು ಬೇರೆ ಬೇರೆಯಾಗಿ ಇರಬೇಕು. ಇದು ಕೇಳಿ ಪಡೆಯುವ ಉಪಕಾರವಲ್ಲ, ನಮ್ಮ ಹಕ್ಕು. ಬಿಲ್ಲಿಲ್ಲದೆ ಕೊಂಡರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಮಾತಿಗೆ ಮರುಳಾದವರು ಈ ಹಕ್ಕನ್ನೇ ಕೈಬಿಟ್ಟಂತೆ.

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಬಂಗಾರ ಗ್ರಾಮಿಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿವ್ವಳ 20 ಗ್ರಾಮಿನ ಜೋಡು ಪಾಟ್ಲಿಗೆ ಬಂಗಾರದ ಬೆಲೆ 2,00,000. ಮಜೂರಿ ಶೇ. 10 ಎಂದರೆ 20,000. ಎರಡೂ ಸೇರಿದ 2,20,000ಕ್ಕೆ ಶೇ. 3ರ ಜಿಎಸ್‌ಟಿ 6,600. ಎರಡು ಪಾಟ್ಲಿಯ ಹಾಲ್‌ಮಾರ್ಕ್ 106 ರೂಪಾಯಿ 20 ಪೈಸೆ. ಒಟ್ಟು 2,26,706 ರೂಪಾಯಿ 20 ಪೈಸೆ.

ಇದೇ ಬಿಲ್ಲಿನಲ್ಲಿ ಮಜೂರಿಯ ಪಕ್ಕದಲ್ಲಿ ವೇಸ್ಟೇಜ್ ಶೇ. 3 ಎಂಬ ಸಾಲು ಸೇರಿಕೊಂಡರೆ 6,000 ರೂಪಾಯಿ ಹೆಚ್ಚು, ಅದರ ಮೇಲಿನ ತೆರಿಗೆ ಮತ್ತೆ ಬೇರೆ. ಒಡವೆ ಮಾಡುವಾಗ ಅರ, ಒಪ್ಪಗಳಲ್ಲಿ ಒಂದಿಷ್ಟು ಪುಡಿ ಹೋಗುವುದು ನಿಜ. ಆದರೆ ಕೆಲವರು ಮಜೂರಿಯಲ್ಲೇ ಅದನ್ನು ಸೇರಿಸಿರುತ್ತಾರೆ, ಕೆಲವರು ಎರಡನ್ನೂ ಬೇರೆ ಹಾಕುತ್ತಾರೆ. ಮಜೂರಿಗೂ ವೇಸ್ಟೇಜಿಗೂ ಹಾಲ್‌ಮಾರ್ಕಿನಂತೆ ನಿಗದಿಯಾದ ದರವಿಲ್ಲ. ಅಂಗಡಿಯಿಂದ ಅಂಗಡಿಗೆ ಅದು ಬದಲಾಗುತ್ತದೆ, ಚೌಕಾಸಿಗೂ ಬಗ್ಗುತ್ತದೆ. ಬೆಳಗಾವಿಯ ಖಡೇಬಜಾರಿನಲ್ಲಿ ಒಂದು, ಶಹಾಪುರದಲ್ಲಿ ಒಂದು ಅಂಗಡಿಯಲ್ಲಿ ಕೇಳಿ, ಎರಡೂ ಶೇಕಡಾಗಳನ್ನು ಕೂಡಿಸಿ ಹೋಲಿಸಿ. ಬಂಗಾರದ ದರವನ್ನಷ್ಟೇ ಹೋಲಿಸುವುದರಿಂದ ಪ್ರಯೋಜನ ಕಡಿಮೆ.

ತೂಕದ ಮಾತಿನಲ್ಲೂ ಎಚ್ಚರ ಬೇಕು. ನಮ್ಮ ಕಡೆ ಇಂದಿಗೂ ತೊಲಿ ಲೆಕ್ಕದಲ್ಲೇ ಮಾತಾಡುತ್ತೇವೆ. ಹಳೆಯ ತೊಲಿ 11.66 ಗ್ರಾಂ. ಈಗ ಪೇಟೆಯಲ್ಲಿ ತೊಲಿ ಎಂದರೆ ಸಾಮಾನ್ಯವಾಗಿ 10 ಗ್ರಾಂ. ಅಜ್ಜಿ ಮೂರು ತೊಲಿ ಎಂದು ಹೇಳಿ ಕೊಟ್ಟ ಒಡವೆಯೂ ಅಂಗಡಿಯವರು ಹೇಳುವ ಮೂರು ತೊಲಿಯೂ ಒಂದೇ ಆಗಬೇಕೆಂದಿಲ್ಲ. ಮಾತು ಏನೇ ಇರಲಿ, ಬಿಲ್ಲು ಗ್ರಾಮಿನಲ್ಲಿರಲಿ. ಹರಳು, ಮುತ್ತು, ದಾರದ ತೂಕ ಕಳೆದ ನಿವ್ವಳ ಅಂಕಿಗೆ ಮಾತ್ರ ಬಂಗಾರದ ದರ ಬೀಳಲಿ.

ಬೋರಮಾಳದೊಳಗಿನ ಅರಗು

ಹೊಸ ಒಡವೆಗಿಂತ ಹಳೆಯ ಒಡವೆ ಕೊಡುವಾಗಲೇ ಹೆಚ್ಚು ಹಣ ಸೋರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದಕ್ಕೆ ಬೋರಮಾಳಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಾರಿಹಣ್ಣಿನ ಆಕಾರದ ಒಂದೊಂದು ಮಣಿಯೂ ತೆಳುವಾದ ಬಂಗಾರದ ತಗಡು, ಒಳಗೆ ಅರಗು ತುಂಬಿರುತ್ತದೆ. ಅರಗು ಇಲ್ಲದಿದ್ದರೆ ಮಣಿ ನೆಗ್ಗುತ್ತದೆ. ಜೋಡಿಸಿದ ಕಡೆಗಳಲ್ಲಿ ಬೆಸುಗೆ ಇರುತ್ತದೆ, ಹಳೆಯ ಬೆಸುಗೆಯಲ್ಲಿ ಬಂಗಾರದ ಪಾಲು ಕಡಿಮೆ. ಮಾಳವನ್ನು ತಕ್ಕಡಿಗೆ ಇಟ್ಟಾಗ ತೋರುವ ಅಂಕಿಯಲ್ಲಿ ಬಂಗಾರ, ಅರಗು, ಬೆಸುಗೆ, ದಾರ ಎಲ್ಲವೂ ಸೇರಿವೆ.

ಎಕ್ಸ್‌ಆರ್‌ಎಫ್ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ತಗಡು ಎಷ್ಟು ಚೊಕ್ಕ ಎಂದು ಅದು ಹೇಳುತ್ತದೆ, ಒಳಗೆ ಎಷ್ಟು ಅರಗಿದೆ ಎಂದು ಹೇಳಲಾರದು. ಆದ್ದರಿಂದ ಯಂತ್ರದ ಚೀಟಿಯಲ್ಲಿ ಬಂದ ಶುದ್ಧತೆಯನ್ನು ಮಾಳದ ಒಟ್ಟು ತೂಕಕ್ಕೆ ಗುಣಿಸಿ ಮನಸ್ಸಿನಲ್ಲಿ ಬೆಲೆ ಕಟ್ಟಿಕೊಂಡರೆ ನಿರಾಸೆ ಖಂಡಿತ. ನಿಜವಾದ ಅಂಕಿ ಸಿಗುವುದು ಕರಗಿಸಿದ ಮೇಲೆ. ಆದರೆ ಕರಗಿಸಿದ ಮಾಳ ಮತ್ತೆ ಮಾಳವಾಗುವುದಿಲ್ಲ, ಬೆಲೆ ಒಪ್ಪಿಗೆಯಾಗದಿದ್ದರೆ ವಾಪಸು ಬರುವುದು ಒಂದು ಗಟ್ಟಿ ಅಷ್ಟೇ. ಅದಕ್ಕೇ ಕರಗಿಸುವ ಮುಂಚೆಯೇ ಷರತ್ತು ಮಾತಾಡಿಕೊಳ್ಳಬೇಕು.

ಒಂದು ಲೆಕ್ಕ ನೋಡಿ. ಮಾಳ ಒಟ್ಟು 30 ಗ್ರಾಂ ಎನ್ನೋಣ. ಕರಗಿಸಿದಾಗ ಅರಗು ಉರಿದು 24 ಗ್ರಾಂ ಗಟ್ಟಿ ಉಳಿಯಿತು. ಅದರ ಶುದ್ಧತೆ 850 ಬಂತು. ಅಪ್ಪಟ ಬಂಗಾರ 20.4 ಗ್ರಾಂ. ಅದನ್ನು 916ರ ಲೆಕ್ಕಕ್ಕೆ ತಂದರೆ 22.27 ಗ್ರಾಂ. ಇಲ್ಲಿಯವರೆಗೆ ಎಲ್ಲವೂ ನ್ಯಾಯ. ಅರಗು ಹೋಯಿತು, ಬೆಸುಗೆಯ ಕೊರತೆ ಶುದ್ಧತೆಯಲ್ಲಿ ಲೆಕ್ಕಕ್ಕೆ ಬಂತು. ಇದರ ಮೇಲೆ ಮತ್ತೆ ಶೇ. 3 ಸವಕಳಿ ಎಂದು ಕಳೆದರೆ ಅದು ಎರಡನೆಯ ಕಡಿತ. ಗ್ರಾಮಿಗೆ 10,000ದಂತೆ ಸುಮಾರು 6,680 ರೂಪಾಯಿ. ಕರಗಿಸಿ ಅಳೆದ ಮೇಲೆ ಅಂದಾಜಿನ ಕಡಿತಕ್ಕೆ ಜಾಗವಿಲ್ಲ. ಅದು ಅಂಗಡಿಯ ಲಾಭ ಎಂದಾದರೆ ಹಾಗೆಂದೇ ಬರೆಯಲಿ. ಒಪ್ಪುವುದು ಬಿಡುವುದು ನಮ್ಮ ಇಷ್ಟ. ಮೂರು ಅಂಕಿ ಕಾಗದದ ಮೇಲೆ ಪಡೆಯಿರಿ: ಕರಗಿಸುವ ಮುಂಚಿನ ತೂಕ, ಕರಗಿಸಿದ ನಂತರದ ತೂಕ, ಗಟ್ಟಿಯ ಶುದ್ಧತೆ. ಸಾಧ್ಯವಾದಷ್ಟು ಕರಗಿಸುವುದು ನಿಮ್ಮ ಕಣ್ಣೆದುರೇ ನಡೆಯಲಿ.

ಕೆಡಿಎಂ ಎಂಬ ಮಾತು ಈಗಲೂ ಕೇಳಿಬರುತ್ತದೆ. ಅನೇಕರು ಅದನ್ನು ಶುದ್ಧತೆಯ ಇನ್ನೊಂದು ಹೆಸರು ಎಂದುಕೊಂಡಿದ್ದಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಕರಗಿಸಿದಾಗ ಶುದ್ಧತೆ ಹೆಚ್ಚು ಇಳಿಯದಿರಲೆಂದು ಬಳಕೆಗೆ ಬಂತು. ಅದರ ಹೊಗೆ ಪತ್ತಾರರ ಶ್ವಾಸಕೋಶ, ಮೂತ್ರಪಿಂಡಗಳನ್ನು ಹಾಳು ಮಾಡುತ್ತದೆ. ಬಿಐಎಸ್ ಅದನ್ನು ಒಪ್ಪುವುದಿಲ್ಲ. ಕೆಡಿಎಂ ಎಂಬ ಮಾತು ಹಾಲ್‌ಮಾರ್ಕಿಗೆ ಬದಲಿಯಲ್ಲ.

ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವಾಗ ಜಿಎಸ್‌ಟಿ ವ್ಯತ್ಯಾಸದ ಹಣಕ್ಕೆ ಬೀಳುತ್ತದೆ ಎಂದು ಹಲವರು ತಿಳಿಯುತ್ತಾರೆ. ಅದು ಬೀಳುವುದು ಹೊಸ ಒಡವೆಯ ಪೂರ್ತಿ ಬೆಲೆಗೆ. ಎರಡು ಲಕ್ಷದ ಒಡವೆಗೆ ಒಂದೂವರೆ ಲಕ್ಷದ ಹಳೆಯ ಬಂಗಾರ ಕೊಟ್ಟರೂ ತೆರಿಗೆ 6,000, ನಾವು ಎಣಿಸಿದ 1,500 ಅಲ್ಲ. ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ಮೊದಲೇ ತಿಳಿದಿದ್ದರೆ ಕೈಯಲ್ಲಿ ಅಷ್ಟು ಹಣ ಇಟ್ಟುಕೊಂಡು ಬರಬಹುದು.

ಬಂಗಾರ ಅಡವಿಡುವಾಗಲೂ ಅರಗಿನ ಪ್ರಶ್ನೆ ಬರುತ್ತದೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಬಂಗಾರದ ಸಾಲಕ್ಕೆ ಹೊಸ ನಿರ್ದೇಶನ ಹೊರಡಿಸಿತು. ಸಾಲಗಾರರ ಎದುರಿಗೇ ಒಡವೆಯ ಪರೀಕ್ಷೆ ನಡೆಯಬೇಕು. ಹರಳು, ಅರಗು, ದಾರಕ್ಕೆಂದು ಕಳೆದ ತೂಕವನ್ನು ವಿವರಿಸಬೇಕು. ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ ಬರೆದ ಪ್ರಮಾಣಪತ್ರ ಕೊಡಬೇಕು. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಅದೇ ಒಡವೆಯನ್ನು ಮಾರುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ನಾವೇ ಪರೀಕ್ಷೆ ಮಾಡಿಸಬಹುದು

ಹಾಲ್‌ಮಾರ್ಕ್ ಒತ್ತಿಸುವುದು ನೋಂದಾಯಿತ ಅಂಗಡಿಯ ಮೂಲಕವೇ ಆಗಬೇಕು, ಗ್ರಾಹಕರು ನೇರವಾಗಿ ಒತ್ತಿಸುವಂತಿಲ್ಲ. ಆದರೆ ಮುದ್ರೆಯಿಲ್ಲದ ಹಳೆಯ ಒಡವೆಯ ಶುದ್ಧತೆಯನ್ನು ಪರೀಕ್ಷಿಸಿ ವರದಿ ಪಡೆಯಲು ಗ್ರಾಹಕರು ನೇರವಾಗಿ ಕೇಂದ್ರಕ್ಕೆ ಹೋಗಬಹುದು. ನಾಲ್ಕು ಒಡವೆಯವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ತಲಾ 45 ರೂಪಾಯಿ. ಖಾನಾಪುರದಿಂದ ಬಸ್ಸು ಹಿಡಿದು ಬರುವವರಿಗೆ ಇಲ್ಲೊಂದು ಉಳಿತಾಯವಿದೆ. ಒಂದು ಉಂಗುರ ತಂದರೂ 200, ನಾಲ್ಕು ತಂದರೂ 200. ಮನೆಯಲ್ಲಿ ಅನುಮಾನದ ಒಡವೆ ಏನೇನಿದೆಯೋ ನೋಡಿಕೊಂಡು ಒಟ್ಟಿಗೆ ತನ್ನಿ. ಚೂರು ತೆಗೆಯುವ ಅಗತ್ಯವಿದೆಯೇ ಎಂದು ಮೊದಲೇ ಕೇಳಿ. ಮಾನ್ಯತೆ ಪಡೆದ ಕೇಂದ್ರಗಳ ಪಟ್ಟಿ ಬಿಐಎಸ್‌ನ ಜಾಲತಾಣದಲ್ಲಿದೆ. ಅಂಗಡಿಯವರ ಸ್ವಂತ ಯಂತ್ರದ ಚೀಟಿ ಒಂದು ಸೂಚನೆ ಮಾತ್ರ, ಮೂರನೆಯವರ ವರದಿಯಲ್ಲ.

ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿದರೆ ಅಂಗಡಿಯ ನೋಂದಣಿ, ಪರೀಕ್ಷಿಸಿದ ಕೇಂದ್ರ, ಒಡವೆಯ ಬಗೆ, ಮುದ್ರೆ ಬಿದ್ದ ದಿನ, ಶುದ್ಧತೆ ಕಾಣುತ್ತವೆ. ಕೈಯಲ್ಲಿರುವುದು ಪಾಟ್ಲಿ, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ಅಲ್ಲೇ ನಿಲ್ಲಿಸಿ ಕೇಳಿ. ಅಕ್ಷರ ಬರಿಗಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ, ಅಂಗಡಿಯಲ್ಲಿ ಭೂತಗನ್ನಡಿ ಕೇಳಿ ಪಡೆಯಿರಿ.

ಖಾನಾಪುರದಂಥ ಊರುಗಳ ಪತ್ತಾರರ ಬಗ್ಗೆಯೂ ಹೇಳಬೇಕು. ವರ್ಷದ ವಹಿವಾಟು 40 ಲಕ್ಷ ರೂಪಾಯಿವರೆಗೆ ಇರುವವರಿಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ಇದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳಿಗೂ, ಕುಂದನ, ಪೋಲ್ಕಿ, ಜಡಾವು ಕೆಲಸಕ್ಕೂ ವಿನಾಯಿತಿ ಇದೆ. ಆದ್ದರಿಂದ ಮೂಗುಬಟ್ಟಿನ ಮೇಲೆ ಮುದ್ರೆಯಿಲ್ಲ ಎಂದು ಪತ್ತಾರರನ್ನು ಅನುಮಾನಿಸಬೇಡಿ. ತಲೆಮಾರುಗಳಿಂದ ಮನೆಯ ಒಡವೆ ಮಾಡಿಕೊಟ್ಟ ಕೈಗಳವು. ಮುದ್ರೆ ಇಲ್ಲದ ಕಡೆ ಕಾಗದ ಇರಲಿ: ತೂಕ, ಕ್ಯಾರೆಟ್, ದಿನಾಂಕ, ಸಹಿ. ಒಳ್ಳೆಯ ಪತ್ತಾರರು ಅದಕ್ಕೆ ಇಲ್ಲವೆನ್ನುವುದಿಲ್ಲ.

ಕೊರತೆ ಬಂದರೆ

ಮುದ್ರೆ 916 ಎಂದಿದ್ದು ಪರೀಕ್ಷೆಯಲ್ಲಿ 875 ಬಂತು ಎನ್ನಿ. 2018ರ ಬಿಐಎಸ್ ನಿಯಮಾವಳಿಯ 49ನೇ ನಿಯಮದ ಪ್ರಕಾರ, ಕೊಂಡ ಒಡವೆಯ ತೂಕಕ್ಕೆ ತಕ್ಕಂತೆ ಶುದ್ಧತೆಯ ಕೊರತೆಯ ಬೆಲೆಯ ಎರಡು ಪಟ್ಟು, ಜೊತೆಗೆ ಪರೀಕ್ಷೆಯ ಖರ್ಚು ಗ್ರಾಹಕರಿಗೆ ಸಿಗಬೇಕು. ಹತ್ತು ಗ್ರಾಮಿನ ಒಡವೆಯಲ್ಲಿ ಸಾವಿರಕ್ಕೆ 41 ಪಾಲು ಕೊರತೆ ಎಂದರೆ 0.41 ಗ್ರಾಂ. ಅಪ್ಪಟ ಬಂಗಾರ ಗ್ರಾಮಿಗೆ 10,000 ಇದ್ದರೆ ಕೊರತೆ 4,100, ಪರಿಹಾರ 8,200, ಮೇಲೆ ಪರೀಕ್ಷೆಯ ಶುಲ್ಕ. ಮೊದಲು ಅಂಗಡಿಗೆ ಬರವಣಿಗೆಯಲ್ಲಿ ಕೊಡಿ. ಆಗದಿದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ದೂರು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕೊನೆಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗೆ ಕೊಟ್ಟ ವ್ಯವಹಾರವಾದರೆ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಎಲ್ಲ ಕಡೆಯೂ ಮೊದಲು ಕೇಳುವುದು ಬಿಲ್ಲನ್ನೇ.

ಚಿಗವ್ವನ ಬಿಲ್ಲಿಗೆ ಮರಳೋಣ. ಎರಡು ಪಾಟ್ಲಿಗೆ ಹಾಲ್‌ಮಾರ್ಕ್ ನೂರಾ ಆರು ರೂಪಾಯಿ ಆಗುತ್ತದೆ, ಉಳಿದದ್ದು ಯಾತಕ್ಕೆ ಎಂದು ನಾವು ಶಾಂತವಾಗಿ ಕೇಳಿದೆವು. ಮಾಲಕರು ಬಂದು ಬಿಲ್ಲು ನೋಡಿದರು. ಮಾಳ ಕರಗಿಸಿದ್ದು, ಗಟ್ಟಿಯ ಪರೀಕ್ಷೆ, ಪಾಟ್ಲಿಯ ಒಪ್ಪ ಎಲ್ಲವನ್ನೂ ಆ ಒಂದೇ ಹೆಸರಿನಡಿ ಬರೆದಿದ್ದರು. ಒಪ್ಪದ ಕೂಲಿ ಮಜೂರಿಯಲ್ಲೇ ಇತ್ತು, ಅದನ್ನು ತೆಗೆದರು. ಉಳಿದದ್ದನ್ನು ಬೇರೆ ಬೇರೆ ಸಾಲಾಗಿ ಬರೆದುಕೊಟ್ಟರು. ಕಡಿಮೆಯಾದದ್ದು ಕೆಲವು ನೂರು ರೂಪಾಯಿ. ಚಿಗವ್ವ ಹೊಸ ಬಿಲ್ಲನ್ನು ಸಾಲು ಸಾಲಾಗಿ ಓದಿಸಿಕೊಂಡು, ಮಡಚಿ, ಪಾಟ್ಲಿಯ ಡಬ್ಬಿಯೊಳಗೇ ಇಟ್ಟಳು. ಅತ್ತೆ ಮಾಳ ಕೊಟ್ಟಾಗ ಅದರ ಜೊತೆ ಯಾವ ಕಾಗದವೂ ಇರಲಿಲ್ಲ. ಮಗಳಿಗೆ ಪಾಟ್ಲಿಯ ಜೊತೆ ಅದರ ಲೆಕ್ಕವೂ ಸಿಗುತ್ತದೆ.